ಪೇಟೆಯ ಬಾಡಿಗೆ ಅಕ್ಕಡಿ ಸಾಲಾಗಿರಲಿ



ಈ ಪುಟದಲ್ಲಿ ಸಾಮಾನ್ಯವಾಗಿ ಬಿತ್ತನೆ, ಗೊಬ್ಬರ, ರೋಗ, ಕೀಟಗಳ ಮಾತು ಇರುತ್ತದೆ. ಈ ವಾರ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಬಾಡಿಗೆ ಮನೆಗಳ ವಿಷಯ ಕಂಡು, "ಕೃಷಿ ಪುಟಕ್ಕೂ ಪೇಟೆ ಮನೆಗೂ ಏನು ಸಂಬಂಧ?" ಎಂದು ಕೆಲವರು ಕೇಳಬಹುದು. ಸಂಬಂಧವಿದೆ. ಮಾಗಡಿ, ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್ ಕಡೆಯ ರೈತರು ಈಗ ವಿಸ್ತರಣಾ ಕಾರ್ಯಕರ್ತರನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಸಾರ್, ಜಮೀನಿನ ದುಡ್ಡು ಬಂದಿದೆ. ಬೆಂಗಳೂರಿನಲ್ಲಿ ಒಂದು ಮನೆ ತಗೊಂಡು ಬಾಡಿಗೆಗೆ ಬಿಟ್ಟರೆ ಹೇಗೆ? ಮಳೆಯ ಹಂಗಿಲ್ಲ, ಆಳಿನ ಕಾಟವಿಲ್ಲ, ತಿಂಗಳು ತಿಂಗಳು ದುಡ್ಡು ಬರುತ್ತದೆ."

ರಸ್ತೆಗೋ, ಕೈಗಾರಿಕೆಗೋ, ಬಡಾವಣೆಗೋ ಜಮೀನು ಕೊಟ್ಟು ಪರಿಹಾರ ಪಡೆದವರು, ತಾವಾಗಿಯೇ ಮಾರಿದವರು ಇಬ್ಬರೂ ಈ ಮಾತನ್ನು ಆಡುತ್ತಾರೆ. ನಮ್ಮಲ್ಲಿ ಕೆಲವರು "ಬೇಡ, ಪೇಟೆಯ ಉಸಾಬರಿ ರೈತನಿಗೆ ಏಕೆ?" ಎಂದು ಅಲ್ಲಿಗೇ ಮಾತು ಮುಗಿಸುತ್ತಾರೆ. ನನಗೆ ಅದು ಸರಿಯಾಗಿ ಕಾಣುವುದಿಲ್ಲ. ಗುಮಾಸ್ತರೂ ಮೇಷ್ಟರೂ ಬಾಡಿಗೆ ಮನೆ ಕಟ್ಟಿ ಮುಪ್ಪಿಗೆ ಆಧಾರ ಮಾಡಿಕೊಂಡಿರುವಾಗ ರೈತನು ಮಾಡಬಾರದೇಕೆ? ಆದರೆ ಎಷ್ಟು ಹಣ ಹಾಕಬೇಕು, ಎಲ್ಲಿ ಹಾಕಬೇಕು, ಯಾವ ಜಮೀನಿನ ಬದಲಿಗೆ ಹಾಕಬೇಕು ಎಂಬುದನ್ನು ಬೆಳೆ ಯೋಜನೆ ಮಾಡುವಷ್ಟೇ ಎಚ್ಚರದಿಂದ ನಿರ್ಧರಿಸಬೇಕು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಾಡಿಗೆ ರೈತನಿಗೆ ಅಕ್ಕಡಿ ಸಾಲಾಗಬಹುದು, ಮುಖ್ಯ ಬೆಳೆ ಆಗಬಾರದು.

ಅಕ್ಕಡಿ ಎಂದರೆ ನಿಮಗೆ ವಿವರಿಸಬೇಕಾಗಿಲ್ಲ. ರಾಗಿ ಹೊಲದಲ್ಲಿ ಕೆಲವು ಸಾಲಿಗೊಮ್ಮೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಹಾಕುತ್ತೇವೆ. ರಾಗಿ ಹೊಡೆತ ತಿಂದ ವರ್ಷವೂ ಮಾಗಿಯ ಇಬ್ಬನಿಯಲ್ಲಿ ಅವರೆ ಕೈಗೆ ಬರುತ್ತದೆ. ಅಕ್ಕಡಿ ಚೆನ್ನಾಗಿ ಬಂತೆಂದು ಯಾರೂ ರಾಗಿ ಬಿತ್ತುವುದನ್ನು ಬಿಡುವುದಿಲ್ಲ.

ಆ ಬಡಾವಣೆಗಳು ಹೇಗೆ ಬೆಳೆದವು

ಮೊದಲು ಆ ನೆಲದ ಗುಣ ತಿಳಿಯೋಣ. ಚಾಮರಾಜಪೇಟೆ 1892ರಲ್ಲಿ ಹಳೆಯ ಪೇಟೆಯ ಮಗ್ಗುಲಿಗೆ ಆದ ಬಡಾವಣೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಮಾರಿ ಬಡಿದು, ಇಕ್ಕಟ್ಟಿನ ಪೇಟೆಯ ಜನ ಗಾಳಿ ಬೆಳಕಿನ ಜಾಗ ಹುಡುಕಿದಾಗ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲವಾದ ರಸ್ತೆ, ಅಡ್ಡರಸ್ತೆ, ಹಿತ್ತಲಿಗೆ ಓಣಿ, ಮನೆಯ ಸುತ್ತ ಖಾಲಿ ಜಾಗ, ಇದು ಅಲ್ಲಿನ ಕ್ರಮವಾಗಿತ್ತು. ಅದಕ್ಕೂ ಮೊದಲು ಅದು ಹೊಲವೇ. ದೊಡ್ಡ ಬಸವಣ್ಣನ ಗುಡಿಯ ಸುತ್ತ ಸುಂಕೇನಹಳ್ಳಿಯವರು ಕಡಲೆಕಾಯಿ ಬೆಳೆಯುತ್ತಿದ್ದರು, ಬಸವ ಬಂದು ಮೇಯುತ್ತಿತ್ತು ಎಂಬ ಪ್ರತೀತಿಯಿಂದಲೇ ಕಾರ್ತಿಕ ಮಾಸದ ಕಡೆಯ ಸೋಮವಾರ ಇಂದಿಗೂ ಅಲ್ಲಿ ಕಡಲೆಕಾಯಿ ಪರಿಷೆ ಸೇರುತ್ತದೆ.

ಈ ಹಳೆಯ ಬಡಾವಣೆಗಳಲ್ಲಿ ಬಾಡಿಗೆ ವ್ಯವಹಾರ ಯಾರ ಕೈ ಹಿಡಿಯಿತು ಎಂಬುದನ್ನು ಗಮನಿಸಬೇಕು. ಮುಂದಿನ ಭಾಗದಲ್ಲಿ ಮಾಲೀಕರು ಇರುತ್ತಿದ್ದರು. ಹಿತ್ತಲಲ್ಲಿ ಒಂದು ಔಟ್‌ಹೌಸ್, ಮಹಡಿಯ ಮೇಲೆ ಒಂದು ಸಂಸಾರ, ಇಲ್ಲವೇ ಒಂದೇ ಬಾವಿ, ಒಂದೇ ನಲ್ಲಿಯ ಸುತ್ತ ನಾಲ್ಕಾರು ಸಂಸಾರಗಳ ವಠಾರ. ಬಾಡಿಗೆ ಅವರ ಸಂಬಳಕ್ಕೆ, ಪಿಂಚಣಿಗೆ ಜೊತೆಯಾಗಿತ್ತು. ಮನೆಯ ಯಜಮಾನ ತೀರಿಕೊಂಡ ಮೇಲೆ ಎಷ್ಟೋ ತಾಯಂದಿರು ಹಿಂದಿನ ಎರಡು ಮನೆಯ ಬಾಡಿಗೆಯಿಂದ ಮಕ್ಕಳನ್ನು ಓದಿಸಿದ್ದುಂಟು. ಸೂರು ಸೋರಿದರೆ ಅಂದೇ ಕಾಣುತ್ತಿತ್ತು. ಬಾಡಿಗೆ ತಪ್ಪಿದರೆ ಅಂದೇ ತಿಳಿಯುತ್ತಿತ್ತು. ಮಾಲೀಕನ ಕಣ್ಣಳತೆಯಲ್ಲಿ ಇದ್ದುದರಿಂದ ಅದು ನಡೆಯಿತು. ಮಾಗಡಿಯಲ್ಲಿ ಕುಳಿತು ಮಲ್ಲೇಶ್ವರದ ಮನೆ ನಡೆಸುವ ರೈತನಿಗೆ ಈ ಅನುಕೂಲವಿಲ್ಲ. ಇದು ನೆನಪಿರಲಿ.

ಲೆಕ್ಕ ಹಾಕಿ ನೋಡಿ

ಲೆಕ್ಕಕ್ಕೆಂದು 1 ಕೋಟಿ ರೂಪಾಯಿಯ ಮನೆ ಎಂದು ಇಟ್ಟುಕೊಳ್ಳೋಣ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು ಸೇರಿ ನೂರಕ್ಕೆ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ನೂರಕ್ಕೆ 1ರಿಂದ 2ಕ್ಕೆ ಏರಿದೆ. ಅಂದರೆ ಮನೆಯ ಬೀಗದ ಕೈ ಸಿಗುವ ಹೊತ್ತಿಗೆ 7 ಲಕ್ಷ 60 ಸಾವಿರ ರೂಪಾಯಿ ಖರ್ಚಾಗಿರುತ್ತದೆ. ದಲ್ಲಾಳಿಯ ಕಮಿಷನ್, ವಕೀಲರ ಫೀಜು ಬೇರೆ.

ಬೆಂಗಳೂರಿನಲ್ಲಿ ವಾಸದ ಮನೆಯ ವರ್ಷದ ಬಾಡಿಗೆ ಅದರ ಬೆಲೆಯ ನೂರಕ್ಕೆ ಮೂರು, ನಾಲ್ಕರ ಆಸುಪಾಸಿನಲ್ಲಿರುತ್ತದೆ. ಹಳೆಯ ಬಡಾವಣೆಗಳಲ್ಲಿ ನೆಲದ ಬೆಲೆಯೇ ಹೆಚ್ಚಾದ್ದರಿಂದ ಇನ್ನೂ ಕಡಿಮೆ ಆಗುವುದುಂಟು. ಮೂರು ಎಂದೇ ಹಿಡಿಯೋಣ. ವರ್ಷಕ್ಕೆ 3 ಲಕ್ಷ, ತಿಂಗಳಿಗೆ 25 ಸಾವಿರ. ಇದರಲ್ಲಿ ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಒಂದು ತಿಂಗಳು ಖಾಲಿ ಎಂದು 25 ಸಾವಿರ, ಕಂದಾಯಕ್ಕೆ 15 ಸಾವಿರ, ಸುಣ್ಣ ಬಣ್ಣ, ನಲ್ಲಿ, ಮೋಟಾರು, ಸೂರಿನ ರಿಪೇರಿಗೆ 30 ಸಾವಿರ ಕಳೆಯಿರಿ. ಉಳಿಯುವುದು 2 ಲಕ್ಷ 30 ಸಾವಿರ, ತಿಂಗಳಿಗೆ 19 ಸಾವಿರ ಚಿಲ್ಲರೆ. ನೀವು ಹಾಕಿದ ಒಟ್ಟು ಹಣಕ್ಕೆ ಇದು ನೂರಕ್ಕೆ ಎರಡಕ್ಕಿಂತ ಸ್ವಲ್ಪ ಹೆಚ್ಚು. ನೋಂದಣಿಗೆ ಕಟ್ಟಿದ ಹಣ ತಿರುಗಿ ಬರುವುದಕ್ಕೇ ಮೂರು ವರ್ಷಕ್ಕೆ ಮೇಲೆ ಬೇಕು. ಕೊಂಡ ಎರಡು ವರ್ಷಕ್ಕೆ ಮಗಳ ಮದುವೆಗೆಂದು ಅದೇ ಮನೆಯನ್ನು ಮಾರುವವರಿಗೆ ಈ ಲೆಕ್ಕ ಮೊದಲೇ ತಿಳಿದಿರಬೇಕು.

"ಹಾಗಾದರೆ ಪೇಟೆಯವರು ಏಕೆ ಕೊಳ್ಳುತ್ತಾರೆ?" ಎಂದು ನೀವು ಕೇಳುವಿರಿ. ಬಾಡಿಗೆ ವರ್ಷ ವರ್ಷ ಅಷ್ಟಿಷ್ಟು ಏರುತ್ತದೆ, ನೆಲದ ಬೆಲೆಯೂ ಏರುತ್ತದೆ ಎಂಬ ನಂಬಿಕೆಯಿಂದ. ಹಲಸಿನ ಮರ ಇದ್ದ ಹಾಗೆ. ವರ್ಷಕ್ಕೊಮ್ಮೆ ಹಣ್ಣು, ಒಳಗೆ ನಾಟಾ ಬಲಿಯುತ್ತಾ ಇರುತ್ತದೆ. ಆದರೆ ನಾಟಾದ ಬೆಲೆ ಕೈಗೆ ಬರುವುದು ಮರ ಕಡಿದ ದಿನ, ಅದೂ ಒಂದೇ ಸಲ. ಅಲ್ಲಿಯವರೆಗೆ ಸಂಸಾರ ಹಣ್ಣಿನಲ್ಲಿಯೇ ಸಾಗಬೇಕು. ತಿಂಗಳಿಗೆ 19 ಸಾವಿರದಲ್ಲಿ ಆರು ಜನರ ಸಂಸಾರ, ಓದು, ಔಷಧಿ ಸಾಗುತ್ತದೆಯೇ? ಅಕ್ಕಿ, ರಾಗಿ, ಹಾಲು, ಸೊಪ್ಪು ಎಲ್ಲವನ್ನೂ ಅದರಲ್ಲಿಯೇ ಕೊಳ್ಳಬೇಕು, ಮರೆಯಬೇಡಿ. ಹೊಲ ಇದ್ದಾಗ ಇವುಗಳಿಗೆ ನಾವು ಬೆಲೆ ಕಟ್ಟುತ್ತಲೇ ಇರಲಿಲ್ಲ.

ಇನ್ನೊಂದು ವ್ಯತ್ಯಾಸವಿದೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಬಾಡಿಗೆಗೆ ಇದೆ. ಪಾಲಿಕೆಗೆ ಕಟ್ಟಿದ ಕಂದಾಯ ಕಳೆದು, ಉಳಿದುದರಲ್ಲಿ ನೂರಕ್ಕೆ 30ರಷ್ಟು ರಿಪೇರಿ ಮುಂತಾದ್ದಕ್ಕೆಂದು ಬಿಟ್ಟು, ಮಿಕ್ಕದ್ದನ್ನು ಆದಾಯವೆಂದು ಎಣಿಸುತ್ತಾರೆ. ನಗರದ ಸರಹದ್ದಿಗೆ ಹತ್ತಿರದ ಜಮೀನು ಮಾರಿದರೆ ಲಾಭದ ಮೇಲೂ ತೆರಿಗೆ ಬೀಳಬಹುದು. ಆ ಹಣದಿಂದ ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡರೆ ವಿನಾಯಿತಿ ಉಂಟು. ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನವೇ ಲೆಕ್ಕ ಪರಿಶೋಧಕರನ್ನು ಕಾಣಿರಿ.

ಮಣ್ಣು ನೋಡಿ ಬೆಳೆ, ಬೀದಿ ನೋಡಿ ಕಟ್ಟಡ

ಕೆಮ್ಮಣ್ಣಿಗೆ ಒಂದು ಬೆಳೆ, ಎರೆ ಮಣ್ಣಿಗೆ ಒಂದು ಬೆಳೆ. ಹಾಗೆಯೇ ಒಂದೊಂದು ಬಡಾವಣೆಗೆ ಒಂದೊಂದು ಬಗೆಯ ಬಾಡಿಗೆದಾರರು.

ಬಸವನಗುಡಿಯಲ್ಲಿ ನ್ಯಾಷನಲ್ ಕಾಲೇಜು, ಬುಲ್ ಟೆಂಪಲ್ ರಸ್ತೆಯ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು ಇವೆ. 2017ರಲ್ಲಿ ಮೆಟ್ರೊ ರೈಲು ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್‌ವರೆಗೂ ಬಂತು. ಮಲ್ಲೇಶ್ವರದ ಸಂಪಿಗೆ ರಸ್ತೆಗೆ 2014ರಲ್ಲೇ ಬಂದಿತ್ತು. ಸನಿಹದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಈ ಎರಡು ಕಡೆಯೂ ನೌಕರಿಯವರು, ನಿವೃತ್ತರು, ವಿದ್ಯಾರ್ಥಿಗಳು ಮನೆ ಕೇಳುತ್ತಾರೆ. ಚಾಮರಾಜಪೇಟೆಯ ಗುಣ ಬೇರೆ. ಅದು ಕೃಷ್ಣರಾಜೇಂದ್ರ ಮಾರುಕಟ್ಟೆಗೆ, ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಆಸ್ಪತ್ರೆಗಳಿಗೆ ಹತ್ತಿರ. ವ್ಯಾಪಾರಸ್ಥರು, ಆಸ್ಪತ್ರೆಯ ಸಿಬ್ಬಂದಿ, ವೈದ್ಯ ವಿದ್ಯಾರ್ಥಿಗಳು ಅಲ್ಲಿ ಜಾಗ ಹುಡುಕುತ್ತಾರೆ. ಸರಕು ತರುವ ರೈತನಿಗೆ ಆ ಬೀದಿಗಳ ಪರಿಚಯವೂ ಇರುತ್ತದೆ.

ಇನ್ನು ಕಟ್ಟಡದ ಬಗೆಗಳನ್ನು ಒಂದೊಂದಾಗಿ ನೋಡೋಣ.

ಹಳೆಯ ಸ್ವಂತ ಮನೆ: ನೆಲವೆಲ್ಲ ನಿಮ್ಮದಾಗುತ್ತದೆ, ಇದು ದೊಡ್ಡ ಗುಣ. ಮದರಾಸು ತಾರಸಿ, ಹೆಂಚಿನ ಸೂರು, ಹಳೆಯ ಕೊಳವೆಗಳಾದರೆ ರಿಪೇರಿ ಸದಾ ಇರುತ್ತದೆ. ಮೂಲ ಮಾಲೀಕರ ಮಕ್ಕಳು, ಮೊಮ್ಮಕ್ಕಳು ಹಲವು ಊರು, ಹಲವು ದೇಶಗಳಲ್ಲಿ ಇರುತ್ತಾರೆ. ಎಲ್ಲರ ಸಹಿ ಬೇಕು.

ಫ್ಲಾಟು: ಕೈಗೆಟಕುವ ಬೆಲೆ, ಕಾವಲುಗಾರ, ಲಿಫ್ಟು ಇರುತ್ತವೆ. ಆದರೆ ನಿಮಗೆ ಬರುವುದು ನೆಲದಲ್ಲಿ ಒಂದು ಅವಿಭಜಿತ ಪಾಲು ಮಾತ್ರ. ತಿಂಗಳ ನಿರ್ವಹಣಾ ಶುಲ್ಕ ಮನೆ ಖಾಲಿ ಇದ್ದರೂ ಕಟ್ಟಬೇಕು. ಕಟ್ಟಡ ಹಳತಾದಂತೆ ಬಾಡಿಗೆ ಏರುವುದು ನಿಧಾನವಾಗುತ್ತದೆ.

ಮಳಿಗೆ: ಹಾಕಿದ ಹಣಕ್ಕೆ ವಾಸದ ಮನೆಗಿಂತ ಹೆಚ್ಚು ಬಾಡಿಗೆ ತರುವುದುಂಟು. ಖಾಲಿಯಾದರೆ ಮಾತ್ರ ತಿಂಗಳುಗಟ್ಟಲೆ ಖಾಲಿ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಅಂಗಡಿಗಳೆಲ್ಲ ಬಾಗಿಲು ಹಾಕಿದವು, ಬಾಡಿಗೆಯೂ ನಿಂತಿತು. ಇತ್ತೀಚಿನ ವರ್ಷಗಳಲ್ಲಿ ಗಾಂಧಿ ಬಜಾರಿನ ರಸ್ತೆ ಅಗೆದು ಹೊಸದಾಗಿ ಮಾಡುವಾಗ ವ್ಯಾಪಾರ ಕುಂದಿತೆಂದು ಅಂಗಡಿಯವರು ದೂರಿದ್ದರು. ಕಂದಾಯದಲ್ಲಿಯೂ ಮಾಲೀಕ ತಾನೇ ಇರುವ ಮನೆಗಿಂತ ಬಾಡಿಗೆ ಮನೆಗೆ ದರ ಹೆಚ್ಚು, ಮಳಿಗೆಗೆ ಇನ್ನೂ ಹೆಚ್ಚು.

ಪಿ.ಜಿ. ವಸತಿ: ಒಂದು ಕೋಣೆಗೆ ಮೂವರನ್ನು ಹಾಕಿ ಲೆಕ್ಕ ತೋರಿಸುತ್ತಾರೆ, ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಇದು ಬಾಡಿಗೆಯಲ್ಲ, ಹೋಟೆಲು ನಡೆಸಿದ ಹಾಗೆ. ಪರವಾನಗಿ, ಅಡುಗೆ, ನೀರು, ಹುಡುಗರ ಮೇಲ್ವಿಚಾರಣೆ ಎಲ್ಲ ಬೇಕು. 2020ರಲ್ಲಿ ಮೊದಲು ಖಾಲಿಯಾದವುಗಳಲ್ಲಿ ಇವೂ ಸೇರಿದ್ದವು. ದೂರದಲ್ಲಿರುವ ರೈತನಿಗೆ ಇದು ಹೇಳಿಸಿದ್ದಲ್ಲ.

ಖಾಲಿ ನಿವೇಶನ: ಬೀಳು ಬಿಟ್ಟ ಹೊಲ. ಕಂದಾಯ ಕಟ್ಟುತ್ತಿರಬೇಕು, ಒತ್ತುವರಿಯಾಗದಂತೆ ಕಾಯಬೇಕು, ವರಮಾನ ಮಾತ್ರ ಇಲ್ಲ.

ನನ್ನ ಆಯ್ಕೆ ಕೇಳಿದರೆ, ಒಂದು ದೊಡ್ಡ ಮನೆಗಿಂತ ಎರಡು ಸಣ್ಣವು ಮೇಲು. ಒಂದು ಖಾಲಿಯಾದರೂ ಇನ್ನೊಂದರಲ್ಲಿ ದೀಪ ಉರಿಯುತ್ತಿರುತ್ತದೆ. ಎರಡೂ ಬಸವನಗುಡಿಯಲ್ಲೇ ಇರಬೇಕೆಂಬ ನಿಯಮವೇನೂ ಇಲ್ಲ. ಒಂದು ಬೆಂಗಳೂರಿನ ಹಳೆಯ ಬಡಾವಣೆಯಲ್ಲಿ ಸಣ್ಣದು, ಇನ್ನೊಂದು ನಿಮ್ಮದೇ ತಾಲ್ಲೂಕು ಕೇಂದ್ರದಲ್ಲಿ ಬಸ್ ನಿಲ್ದಾಣಕ್ಕೋ ಕಾಲೇಜಿಗೋ ಸಮೀಪ ಇರಲಿ. ಸಂತೆಗೆ ಹೋದ ದಿನ ಕಣ್ಣಾಡಿಸಿ ಬರಬಹುದು. ತಾಲ್ಲೂಕು ಕೇಂದ್ರದ ಮನೆ ದರ್ಜೆಯಲ್ಲಿ ಕಡಿಮೆ ಎಂದುಕೊಳ್ಳಬೇಡಿ. ನೀವೇ ನೋಡಿಕೊಳ್ಳಬಲ್ಲ ಆಸ್ತಿ ಅದು.

ನೀರು ಕೇಳಿ, ಆಮೇಲೆ ಬೆಲೆ ಕೇಳಿ

ಜಮೀನು ಕೊಳ್ಳುವಾಗ ನಾವು ಮೊದಲು ಕೇಳುವುದು ನೀರು. ಮನೆಗೂ ಅದೇ ಕ್ರಮವಿರಲಿ. ಬೆಂಗಳೂರಿಗೆ ಹೆಸರಘಟ್ಟದ ನೀರು ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯವಾಯಿತು, 1974ರಲ್ಲಿ ಕಾವೇರಿ ಮೊದಲ ಹಂತ ಬಂತು. ಹಳೆಯ ಬಡಾವಣೆಗಳಿಗೆ ಕೊಳವೆ ನೀರು ಹಿಂದಿನಿಂದ ಇದೆ. 2024ರ ಬೇಸಿಗೆಯಲ್ಲಿ ನಗರದ ಹೊರವಲಯದ ಕೊಳವೆಬಾವಿಗಳು ಬತ್ತಿ, ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳವರು ಟ್ಯಾಂಕರಿಗೆ ಕಾದು ನಿಂತರು. ಕಾವೇರಿ ನಲ್ಲಿ ಇದ್ದ ಹಳೆಯ ಬಡಾವಣೆಗಳಿಗೆ ಅಷ್ಟು ತೊಂದರೆ ತಟ್ಟಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು. ಆದರೂ ನೀವು ನೋಡುವ ಮನೆಯ ನಲ್ಲಿಯಲ್ಲಿ ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ ಎಂದು ಅಕ್ಕಪಕ್ಕದವರನ್ನೇ ಕೇಳಿರಿ. ಹಳೆಯ ಬಡಾವಣೆಯಲ್ಲಿ ಬೆಲೆ ಹೆಚ್ಚಿರುವುದಕ್ಕೆ ನೀರೂ ಒಂದು ಕಾರಣ. ತೋಟದ ಜಮೀನಿಗೆ ಖುಷ್ಕಿಗಿಂತ ಹೆಚ್ಚು ಬೆಲೆ ಕೊಡುವುದಿಲ್ಲವೇ?

ಕಾಗದ ಪತ್ರ

ಪಹಣಿ, ಮ್ಯುಟೇಷನ್, ಪೋಡಿ ನೋಡಿ ಬಲ್ಲ ರೈತನು ಪೇಟೆಯ ಕಾಗದದಲ್ಲಿ ಎಡವುವುದುಂಟು. ಖಾತಾ ಇದ್ದರೆ ಸಾಕು ಎಂದು ದಲ್ಲಾಳಿ ಹೇಳುತ್ತಾನೆ. ಖಾತಾ ಎನ್ನುವುದು ಕಂದಾಯ ಕಟ್ಟುವವರ ದಾಖಲೆ, ಒಡೆತನದ ಪತ್ರವಲ್ಲ. ಮೂಲಪತ್ರಗಳ ಸರಪಣಿ, ಮೂವತ್ತು ವರ್ಷದ ಋಣಭಾರ ಪತ್ರ, ವಂಶವೃಕ್ಷ, ಮಂಜೂರಾದ ನಕ್ಷೆ ಇವನ್ನು ವಕೀಲರಿಗೆ ತೋರಿಸಿ. ದಲ್ಲಾಳಿಯೇ ಕರೆತಂದ ವಕೀಲರು ಬೇಡ. ಬೆಂಗಳೂರು ಪಾಲಿಕೆ ವ್ಯಾಪ್ತಿಯಲ್ಲಿ 2024ರ ಅಕ್ಟೋಬರಿನಿಂದ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. 2025ರಲ್ಲಿ ಬಿ.ಬಿ.ಎಂ.ಪಿ. ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳಾಗಿವೆ. ನಿಮ್ಮ ಆಸ್ತಿ ಯಾವುದಕ್ಕೆ ಸೇರಿದೆ ಎಂದು ತಿಳಿದಿರಿ. "ಜಿ.ಪಿ.ಎ. ಮಾಡಿಕೊಡುತ್ತೇವೆ, ಆಮೇಲೆ ಕ್ರಯ" ಎಂದರೆ ಎದ್ದು ಬನ್ನಿ. ಅದರಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ಮನೆಯಲ್ಲಿ ಈಗಾಗಲೇ ಬಾಡಿಗೆದಾರರಿದ್ದರೆ ಅವರ ಕರಾರೂ ನಿಮ್ಮ ಪಾಲಿಗೆ ಬರುತ್ತದೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲದಿಂದ ಅಲ್ಪ ಬಾಡಿಗೆಗೆ ಇರುವ ಸಂಸಾರಗಳು ಈ ಬಡಾವಣೆಗಳಲ್ಲಿ ಇದ್ದವು. ಅದರ ಬದಲು 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯಿದೆ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ವಾಸದ ಮನೆಗಳಿಗೆ ಅನ್ವಯಿಸುವುದಿಲ್ಲ. ಅಂಥ ಮನೆಗಳಿಗೆ ನೀವು ಬರೆದುಕೊಂಡ ಕರಾರು ಪತ್ರವೇ ಆಧಾರ. ಆದ್ದರಿಂದ ಬಾಯಿಮಾತಿಗೆ ಮನೆ ಕೊಡಬೇಡಿ.

ಅಡ್ವಾನ್ಸ್ ಹಣದ ವಿಷಯದಲ್ಲಿಯೂ ಒಂದು ಮಾತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಪಡೆಯುವ ಪದ್ಧತಿ ಬಹುಕಾಲ ಇತ್ತು. ಕೇಂದ್ರ ಸರ್ಕಾರದ 2021ರ ಮಾದರಿ ಕಾಯಿದೆ ವಾಸದ ಮನೆಗೆ ಎರಡು ತಿಂಗಳು ಸಾಕು ಎಂದಿದೆ. ಇನ್ನು ಭೋಗ್ಯಕ್ಕೆ ಕೊಟ್ಟರೆ ಒಂದೇ ಸಲಕ್ಕೆ ಹತ್ತಾರು ಲಕ್ಷ ಕೈಗೆ ಬರುತ್ತದೆ. ಈ ಹಣ ನಿಮ್ಮದಲ್ಲ. ಅವಧಿ ಮುಗಿದ ದಿನ ತಿರುಗಿ ಕೊಡಬೇಕಾದ ಸಾಲ. ಅದರಲ್ಲಿ ಟ್ರ್ಯಾಕ್ಟರು ಕೊಂಡು, ಮದುವೆ ಮಾಡಿ, ಆ ದಿನ ಬಂದಾಗ ಮನೆಯನ್ನೇ ಮಾರಿದವರಿದ್ದಾರೆ. ಹೊಲವನ್ನು ಭೋಗ್ಯಕ್ಕೆ ಹಾಕಿ ಕಳೆದುಕೊಂಡ ಹಿರಿಯರ ಕಥೆ ಕೇಳಿದ ನಾವು ಮನೆಯ ಭೋಗ್ಯದಲ್ಲಿಯೂ ಎಚ್ಚರವಾಗಿರಬೇಕು.

ಯಾವ ಜಮೀನಿನ ಬದಲಿಗೆ?

ನನ್ನ ಮುಖ್ಯ ಆತಂಕ ಇದು. ರಸ್ತೆ ಬದಿಯ ಖುಷ್ಕಿ ತುಂಡೊಂದು ಭೂಸ್ವಾಧೀನಕ್ಕೆ ಹೋಯಿತು, ಹಣ ಬಂತು. ಅದರಲ್ಲಿ ಒಂದು ಭಾಗ ಮನೆಗೆ ಹಾಕುವುದು ವಿವೇಕ. ಆದರೆ ನೀರಿರುವ ಕೊನೆಯ ಎರಡು ಎಕರೆಯನ್ನು ತಾವಾಗಿ ಮಾರಿ, ಬಾಡಿಗೆ ಮನೆ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮನೆ ಬಾಡಿಗೆ ತರುತ್ತದೆ, ಕೆಲಸ ಕೊಡುವುದಿಲ್ಲ. ಇಪ್ಪತ್ತೈದರ ಮಗನಿಗೆ ಹೊಲವೂ ಇಲ್ಲ, ಕಸುಬೂ ಇಲ್ಲ ಎಂದಾದಾಗ ಅವನ ಮುಂದಿನ ನಲವತ್ತು ವರ್ಷ ಏನು ಮಾಡಬೇಕು? ಜಮೀನಿನ ಹಣ ಬಂದ ಮನೆಗಳಲ್ಲಿ ಮೊದಲು ಕಾರು ಬರುತ್ತದೆ, ಆಮೇಲೆ ಜಗಳ ಬರುತ್ತದೆ. ಇದನ್ನು ನೀವೂ ನೋಡಿದ್ದೀರಿ.

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಹೋರಾಡಿದರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು. ಹಣ ಬೇಡವೆಂದ ಅವರ ಲೆಕ್ಕ ದಡ್ಡರ ಲೆಕ್ಕವಲ್ಲ. ಹೂವು, ತರಕಾರಿ, ದ್ರಾಕ್ಷಿ, ರೇಷ್ಮೆ, ಹಾಲು ಅಲ್ಲಿನ ಸಂಸಾರಗಳಿಗೆ ಆದಾಯವನ್ನೂ ಕೊಡುತ್ತಿವೆ, ಮನೆ ಮಂದಿಗೆಲ್ಲ ಕೆಲಸವನ್ನೂ ಕೊಡುತ್ತಿವೆ. ಹಣ ಬೇಕೆಂದವರೂ ದಡ್ಡರಲ್ಲ. ಮಳೆ ನಂಬಿದ ಹೊಲ, ಓದಿ ಊರು ಬಿಟ್ಟ ಮಕ್ಕಳು ಇರುವವರ ಲೆಕ್ಕ ಬೇರೆ. ನಿಮ್ಮ ಹೊಲದ ಲೆಕ್ಕ ನೀವು ಹಾಕಿರಿ, ಪಕ್ಕದ ಊರಿನವರದನ್ನು ನೋಡಿ ಅಲ್ಲ.

ಬಂದ ಹಣವನ್ನು ಮೂರು ಪಾಲು ಮಾಡಿರಿ ಎಂಬುದು ನನ್ನ ಸಲಹೆ. ಒಂದು ಪಾಲು ಭೂಮಿಗೆ: ಒಳಗಿನ ತಾಲ್ಲೂಕಿನಲ್ಲಿ ನೀರಿನ ಜಮೀನು, ಇಲ್ಲವೇ ಉಳಿದ ಹೊಲಕ್ಕೆ ಕೃಷಿ ಹೊಂಡ, ಹನಿ ನೀರಾವರಿ, ಹಸು. ಇನ್ನೊಂದು ಪಾಲು ಬ್ಯಾಂಕಿನಲ್ಲಿ, ಬೇಕಾದಾಗ ಕೈಗೆ ಸಿಗುವಂತೆ. ಮೂರನೆಯದು ಬಾಡಿಗೆ ಆಸ್ತಿಗೆ. ಆ ಪಾಲು ಸಾಲದೆಂದು ಸಾಲ ಮಾಡಿ ಮನೆ ಕೊಳ್ಳಬೇಡಿ. ನೂರಕ್ಕೆ ಎರಡೋ ಮೂರೋ ತರುವ ಆಸ್ತಿಗೆ ಅದರ ಎರಡು ಮೂರು ಪಟ್ಟು ಬಡ್ಡಿ ಕಟ್ಟುವುದು ಯಾವ ಬೇಸಾಯ?

ಬ್ಯಾಂಕಿನ ಪಾಲಿಗೂ ಎಚ್ಚರ ಬೇಕು. ಹೆಚ್ಚು ಬಡ್ಡಿಯ ಆಸೆಗೆ ಎಲ್ಲವನ್ನೂ ಒಂದೇ ಕಡೆ ಇಡಬಾರದು. 2020ರ ಜನವರಿಯಲ್ಲಿ ಇದೇ ಬಸವನಗುಡಿಯ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಠೇವಣಿದಾರರು 35 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಮನೆ ಮಾರಿ ಹಣ ಇಟ್ಟ ಮುದುಕರು ಬೀದಿಯಲ್ಲಿ ಸಾಲು ನಿಂತರು. ಮರು ತಿಂಗಳು ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಸಣ್ಣ ಬ್ಯಾಂಕಿನಲ್ಲಿ ಆ ಮಿತಿಯನ್ನು ಮೀರಿ ಇಡಬೇಡಿ.

ಹೆಂಡತಿ, ಹೆಣ್ಣುಮಕ್ಕಳು

ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿಯಾಯಿತು, 2005ರಲ್ಲಿ ಇಡೀ ದೇಶಕ್ಕಾಯಿತು. ಹಾಗಿದ್ದರೂ ಜಮೀನಿನ ಹಣ ಬಂದಾಗ ಅವರನ್ನು ಕರೆಯುವುದು ಸಹಿ ಹಾಕಿಸುವುದಕ್ಕೆ ಮಾತ್ರ. ಕಳೆ ಕಿತ್ತು, ಹಸು ಕಟ್ಟಿ, ಹೊಲ ಉಳಿಸಿದವರು ಅವರು. ಕೊಳ್ಳುವ ಮನೆಯಲ್ಲಿ ಹೆಂಡತಿಯ ಹೆಸರೂ ಜಂಟಿಯಾಗಿ ಇರಲಿ. ಹೆಣ್ಣುಮಕ್ಕಳ ಪಾಲನ್ನು ಆಗಲೇ ಲೆಕ್ಕ ಮಾಡಿ ಕೊಡಿರಿ. ಇದು ನ್ಯಾಯ. ಮುಂದೆ ಕೋರ್ಟು ತಪ್ಪುವುದೂ ಇದರಿಂದಲೇ. ಜಂಟಿ ಹೆಸರಿನ ಆಸ್ತಿಯನ್ನು ಯಾರದೋ ಮಾತು ಕೇಳಿ ಒಂದು ದಿನದಲ್ಲಿ ಮಾರುವುದೂ ಆಗುವುದಿಲ್ಲ.

ನೀವು ಮಾಲೀಕರಾದಾಗ

ಕೊನೆಗೆ ಒಂದು ಮಾತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನು ತೆಗೆದು ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿತು. ಇಂದು ಪರಿಹಾರ ಪಡೆಯುತ್ತಿರುವ ಎಷ್ಟೋ ಮನೆಗಳಲ್ಲಿ ತಾತನೋ ಮುತ್ತಾತನೋ ಗೇಣಿದಾರನಾಗಿದ್ದವನು. ದೂರದ ಊರಿನಲ್ಲಿದ್ದ ಒಡೆಯನಿಗೆ ಕಣದಲ್ಲಿ ಅಳೆದು ಕೊಟ್ಟವನು, ವರ್ಷಕ್ಕೊಮ್ಮೆ ಹೊಲ ಬಿಡಿಸಿಯಾರೆಂದು ಹೆದರಿದವನು. ಅವನ ಮೊಮ್ಮಗ ಈಗ ಪೇಟೆಯಲ್ಲಿ ಮನೆ ಒಡೆಯನಾದಾಗ, ಒಡೆಯನಾಗುವುದು ಹೇಗೆ ಎಂಬುದನ್ನು ತಾತನ ಕಡೆಯಿಂದ ಯೋಚಿಸಲಿ. ರಶೀದಿ ಕೊಡಲಿ, ಸೂರು ಸೋರಿದರೆ ಬೇಗ ಸರಿಮಾಡಿಸಲಿ, ಬಿಡುವಾಗ ಅಡ್ವಾನ್ಸ್ ಹಣವನ್ನು ಸುಳ್ಳು ನೆಪ ಹೇಳಿ ಹಿಡಿಯದಿರಲಿ.

ಓದಲು ಬೆಂಗಳೂರಿಗೆ ಹೋದ ನಮ್ಮ ಹಳ್ಳಿಗಳ ಮಕ್ಕಳು ಈ ಬಡಾವಣೆಗಳಲ್ಲಿ ಮನೆ ಕೇಳಿದಾಗ "ಯಾವ ಜನ? ಏನು ತಿನ್ನುತ್ತೀರಿ?" ಎಂಬ ಪ್ರಶ್ನೆ ಎದುರಿಸಿದ್ದಾರೆ. "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಬೋರ್ಡಿನ ಮುಂದೆ ತಿರುಗಿ ಬಂದವರಿದ್ದಾರೆ. ದಲಿತರ ಮಕ್ಕಳಿಗೆ ಬೋರ್ಡು ಇಲ್ಲದ ಬಾಗಿಲೂ ಮುಚ್ಚಿದೆ. ನೀವು ಕೊಂಡ ಮನೆಯ ಗೇಟಿಗೆ ಅಂಥ ಬೋರ್ಡು ತೂಗಬೇಡಿ. ಬಾಡಿಗೆ ಸರಿಯಾಗಿ ಕೊಡುವವರೇ, ಮನೆ ಚೊಕ್ಕಟವಾಗಿ ಇಡುವವರೇ, ಇಷ್ಟು ಕೇಳಿದರೆ ಸಾಕು.

ಹಣ ಬಂದ ತಿಂಗಳೇ ಯಾವ ನಿರ್ಧಾರವನ್ನೂ ಮಾಡಬೇಡಿ. ಒಂದು ಮುಂಗಾರು, ಒಂದು ಹಿಂಗಾರು ಕಳೆಯಲಿ. ಕಾರ್ತಿಕದ ಪರಿಷೆಗೆ ಬೆಂಗಳೂರಿಗೆ ಹೇಗೂ ಹೋಗುವವರು, ಹೆಂಡತಿ ಮಕ್ಕಳ ಜೊತೆ ಒಂದು ದಿನ ಹೆಚ್ಚಿಗೆ ಉಳಿದು ಆ ಅಡ್ಡರಸ್ತೆಗಳಲ್ಲಿ ನಡೆದು ನೋಡಿರಿ. ಮೂರು ಬಾಡಿಗೆದಾರರನ್ನು ನೀರಿನ ವಿಷಯ ಕೇಳಿ, ಮೂವರು ಮಾಲೀಕರನ್ನು ರಿಪೇರಿಯ ವಿಷಯ ಕೇಳಿ, ದಲ್ಲಾಳಿಯ ಮಾತನ್ನು ಕಡೆಗೆ ಕೇಳಿ. ಊರಿಗೆ ಬಂದು ಹೊಲದ ಬದುವಿನ ಮೇಲೆ ಕುಳಿತು ಮನೆಯವರೆಲ್ಲ ಸೇರಿ ಲೆಕ್ಕ ಹಾಕಿರಿ. ಆ ಮೇಲೂ ಮನೆ ಕೊಳ್ಳಬೇಕೆನಿಸಿದರೆ ಸಂತೋಷದಿಂದ ಕೊಳ್ಳಿರಿ. ಆದರೆ ಕುಳಿತ ಆ ಬದುವನ್ನು ಮಾತ್ರ ಮಾರಬೇಡಿ.